ಮುಲ್ಲೀನ್ ಎಲೆ ಮತ್ತು ಆಸ್ಪತ್ರೆಯ ತಕ್ಕಡಿ

ಡಬ್ಲಿನ್ ನಗರದ ಸೇಂಟ್ ವಿನ್ಸೆಂಟ್ ಆಸ್ಪತ್ರೆಯಲ್ಲಿದ್ದ ವೈದ್ಯ ಎಫ್.ಜೆ.ಬಿ. ಕ್ವಿನ್ಲನ್ 1883ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಒಂದು ಪುಟ್ಟ ವರದಿ ಬರೆದರು. ಐರ್ಲೆಂಡಿನ ಜನ ಕ್ಷಯಕ್ಕೆಂದು ಒಂದು ಕಳೆಗಿಡದ ಎಲೆಯನ್ನು ಹಾಲಿನಲ್ಲಿ ಕುದಿಸಿ, ಸೋಸಿ, ಬೆಚ್ಚಗಿರುವಾಗಲೇ ಕುಡಿಯುತ್ತಿದ್ದರು. ಅದಕ್ಕಾಗಿ ಕೆಲವರು ತೋಟದಲ್ಲಿ ಆ ಗಿಡವನ್ನು ಬೆಳೆಸುತ್ತಲೂ ಇದ್ದರು. ಕ್ವಿನ್ಲನ್ ಇದನ್ನು ಹಳ್ಳಿಗರ ಮೌಢ್ಯವೆಂದು ತಳ್ಳಿಹಾಕಲಿಲ್ಲ, ಸಂಜೀವಿನಿಯೆಂದು ಹೊಗಳಲೂ ಇಲ್ಲ. ತಮ್ಮ ರೋಗಿಗಳಿಗೆ ಅದೇ ಹಾಲನ್ನು ಕುಡಿಸಿ, ಅವರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದುಕೊಂಡರು. ರೋಗ ಇನ್ನೂ ಆರಂಭದಲ್ಲಿದ್ದವರ ತೂಕ ಏರಿತು. ಉಲ್ಬಣಿಸಿದವರಿಗೆ ಕೆಮ್ಮು ಸ್ವಲ್ಪ ಹಿಡಿತಕ್ಕೆ ಬಂತು, ಭೇದಿ ಕಡಿಮೆಯಾಯಿತು. ಕ್ಷಯದ ರಾತ್ರಿ ಬೆವರಿಗೆ ಮಾತ್ರ ಈ ಎಲೆಯಿಂದ ಏನೂ ಪ್ರಯೋಜನವಿಲ್ಲ ಎಂದೂ ಅವರೇ ಬರೆದಿಟ್ಟರು. ಮದ್ದಿನ ಬಗ್ಗೆ ಬರೆಯುವವರು ಅದು ಎಲ್ಲಿ ಸೋತಿತು ಎಂಬುದನ್ನೂ ಬರೆಯುವುದು ಆಗಲೂ ಅಪರೂಪ, ಈಗಲೂ ಅಪರೂಪ.

ಆ ಕಳೆಗಿಡವೇ ಮುಲ್ಲೀನ್. ಸಸ್ಯಶಾಸ್ತ್ರದಲ್ಲಿ ಅದು ವರ್ಬ್ಯಾಸ್ಕಮ್ ತಾಪ್ಸಸ್. ಈಚಿನ ಕೆಲವು ವರ್ಷಗಳಿಂದ ಅದು ಮೊಬೈಲ್ ಪರದೆಗೂ ಬಂದಿದೆ. ಸಿಗರೇಟು ಸೇದಿ ಕರಿಗಟ್ಟಿದ ಶ್ವಾಸಕೋಶವನ್ನು ತೊಳೆಯುತ್ತದೆ, ಕಟ್ಟಿದ ಕಫವನ್ನು ಬುಡಸಮೇತ ಕೀಳುತ್ತದೆ, ಅಸ್ತಮಾ ಇಳಿಸುತ್ತದೆ ಎಂದು ರೀಲ್‌ಗಳು ಸಾರುತ್ತಿವೆ. ಆನ್‌ಲೈನ್ ಅಂಗಡಿಗಳಲ್ಲಿ ಒಣ ಎಲೆ, ಟೀ ಬ್ಯಾಗ್, ಹನಿ, ಕ್ಯಾಪ್ಸೂಲ್ ಎಲ್ಲವೂ ಸಿಗುತ್ತವೆ. ನಮ್ಮೂರುಗಳ ಹೋಮಿಯೋಪತಿ ಅಂಗಡಿಗಳಲ್ಲಂತೂ ಕಿವಿನೋವಿಗೆಂದು ‘ಮುಲ್ಲೀನ್ ಆಯಿಲ್’ ಎಂಬ ಪುಟ್ಟ ಸೀಸೆ ಬಹಳ ಹಿಂದಿನಿಂದಲೂ ಇದೆ. ಇದು ಕೆಲಸ ಮಾಡುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಗಂಟಲ ಕೆರೆತಕ್ಕೆ ಬಹುಶಃ ಹೌದು. ಶ್ವಾಸಕೋಶ ತೊಳೆಯುವ ಮಾತಿಗೆ ಇಲ್ಲ. ಯಾಕೆ ಎಂದು ಹೇಳುವುದಕ್ಕೆ ಮಾತ್ರ ತುಸು ಜಾಗ ಬೇಕು.

ಮೊದಲು ಗಿಡ. ಇದರ ಆಯಸ್ಸು ಎರಡು ವರ್ಷ. ಮೊದಲ ವರ್ಷ ನೆಲಕ್ಕೆ ಒತ್ತಿಕೊಂಡ ಎಲೆಗಳ ಗುಂಪಷ್ಟೇ. ಗೇಣುದ್ದದ, ಕೆಲವೊಮ್ಮೆ ಮೊಳದುದ್ದದ ಆ ಬೂದುಹಸಿರು ಎಲೆಗಳ ಎರಡೂ ಬದಿಗೆ ದಟ್ಟ ರೋಮವಿದ್ದು, ಸವರಿದರೆ ಕುರಿ ಕಂಬಳಿ ಸವರಿದಂತಾಗುತ್ತದೆ. ಎರಡನೇ ವರ್ಷ ನಡುವಿನಿಂದ ಒಂಟಿ ದಂಟು ಆಳೆತ್ತರ ಮೀರಿ ಏಳುತ್ತದೆ, ಅದರ ತುದಿಯುದ್ದಕ್ಕೂ ಹಳದಿ ಹೂಗಳು ಬಿಡುತ್ತವೆ. ಹೂ ಮುಗಿದು ಬೀಜ ಉದುರಿದ ಮೇಲೆ ಗಿಡ ಸಾಯುತ್ತದೆ. ಒಂದೇ ಗಿಡದಲ್ಲಿ ಲಕ್ಷಕ್ಕೂ ಮಿಕ್ಕಿ ಬೀಜ. ಆ ಬೀಜಗಳ ತಾಳ್ಮೆಯೂ ಅಸಾಧಾರಣ. ಅಮೆರಿಕದ ಮಿಚಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಪ್ರಾಧ್ಯಾಪಕರು 1879ರಲ್ಲಿ ಹಲವು ಕಳೆಗಳ ಬೀಜಗಳನ್ನು 20 ಬಾಟಲಿಗಳಲ್ಲಿ ತುಂಬಿ ಹೂತಿಟ್ಟಿದ್ದರು. ಎಷ್ಟು ವರ್ಷ ಜೀವ ಹಿಡಿದಿರುತ್ತವೆ ನೋಡೋಣ ಎಂದು. 2021ರಲ್ಲಿ ಅವುಗಳಲ್ಲೊಂದನ್ನು ತೆಗೆದಾಗ, 142 ವರ್ಷ ಕಳೆದಿದ್ದರೂ ಮೊಳೆತದ್ದು ಮುಲ್ಲೀನ್ ಕುಲದ ಬೀಜಗಳೇ. ಅದರಲ್ಲಿ ಒಂದು, ನಮ್ಮ ಮುಲ್ಲೀನ್ ಮತ್ತು ಅದರ ಹತ್ತಿರದ ಬಂಧು ಕೂಡಿ ಹುಟ್ಟಿದ ಮಿಶ್ರತಳಿ ಎಂದು ಡಿಎನ್‌ಎ ಪರೀಕ್ಷೆ ಹೇಳಿತು. ಮುಂದಿನ ಬಾಟಲಿಯ ಸರದಿ 2040ಕ್ಕೆ.

ಯುರೋಪು, ಉತ್ತರ ಆಫ್ರಿಕಾ, ಏಷ್ಯಾದ ತಂಪು ಪ್ರದೇಶಗಳು ಇದರ ತವರು. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಗುಡ್ಡದ ರಸ್ತೆಗಳ ಅಂಚಿನಲ್ಲಿ ಧಾರಾಳವಾಗಿ ಬೆಳೆಯುತ್ತದೆ. ಅಲ್ಲಿ ಇದಕ್ಕೆ ಗೀದಡ್ ತಂಬಾಕು ಅನ್ನುತ್ತಾರೆ. ಅಂದರೆ ನರಿ ತಂಬಾಕು. ಕೆಮ್ಮು, ಉಬ್ಬಸಕ್ಕೆ ಒಣ ಎಲೆಯನ್ನು ಸೇದುವುದು ಅಲ್ಲಿನ ಹಳೆಯ ರೂಢಿ. ನಮ್ಮ ಬಯಲುಸೀಮೆಯ ಬಿಸಿಲಿಗೆ ಈ ಗಿಡ ಒಗ್ಗದು. ಆದರೆ ಅದೇ ಕುಲದ ಒಂದು ಬಡ ದಾಯಾದಿ, ವರ್ಬ್ಯಾಸ್ಕಮ್ ಚೈನೆನ್ಸ್, ನಮ್ಮ ಹೊಳೆದಂಡೆಯ ಮರಳಿನಲ್ಲೂ ಪಾಳು ಹೊಲದಲ್ಲೂ ಯಾರ ಗಮನಕ್ಕೂ ಬಾರದೆ ಹಳದಿ ಹೂ ಬಿಡುತ್ತಿರುತ್ತದೆ. ಮುಲ್ಲೀನ್ ಹೂವಿಗೆ ಐದು ಕೇಸರ, ಇದಕ್ಕೆ ನಾಲ್ಕೇ.

ಇನ್ನು ಬಳಕೆಯ ಕಥೆ. ಮೊದಲನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ತನ್ನ ಔಷಧಿಗಳ ಗ್ರಂಥದಲ್ಲಿ ಇದರ ಬೇರನ್ನು ದ್ರಾಕ್ಷಾರಸದ ಜೊತೆ ಭೇದಿಗೆ, ಹಳೆಯ ಕೆಮ್ಮಿಗೆ, ಹಲ್ಲುನೋವಿಗೆ ಹೇಳಿದ್ದಾನೆ. ಅದೇ ಕಾಲದ ರೋಮನ್ ಲೇಖಕ ಪ್ಲಿನಿ, ಕೆಮ್ಮಿ ಏದುಸಿರು ಬಿಡುವ ಬಂಡಿ ಎಳೆಯುವ ಪ್ರಾಣಿಗಳಿಗೆ ಇದನ್ನು ಕೊಡುತ್ತಾರೆ ಎಂದ. ಇದರ ಎಲೆಯಲ್ಲಿ ಸುತ್ತಿಟ್ಟರೆ ಅಂಜೂರ ಕೊಳೆಯುವುದಿಲ್ಲ ಎಂಬ ನಂಬಿಕೆಯೂ ಆಗ ಇತ್ತು. ಒಣಗಿದ ದಂಟನ್ನು ಕೊಬ್ಬಿನಲ್ಲಿ ಅದ್ದಿ ಪಂಜು ಮಾಡುತ್ತಿದ್ದರು. ಜರ್ಮನ್ನರು ಇವತ್ತಿಗೂ ಇದನ್ನು ‘ರಾಜನ ಮೇಣದಬತ್ತಿ’ ಎಂದೇ ಕರೆಯುತ್ತಾರೆ. ಎಲೆಯ ರೋಮವನ್ನು ದೀಪದ ಬತ್ತಿಗೂ ಹೊಸೆದಿದ್ದಾರೆ. ಹೂವನ್ನು ಆಲಿವ್ ಎಣ್ಣೆಯಲ್ಲಿ ನೆನೆಹಾಕಿ ಬಿಸಿಲಿಗಿಟ್ಟು ಇಳಿಸಿದ್ದು ಕಿವಿಗೆ ಹಾಕುವ ಎಣ್ಣೆ. ಹೂವಿನ ಕಷಾಯ ಗಂಟಲಿಗೆ. ಪ್ರಸಾಧನಕ್ಕೆ ಅನುಮತಿಯಿಲ್ಲದ ಕ್ವೇಕರ್ ಪಂಥದ ಹೆಣ್ಣುಮಕ್ಕಳು ಈ ಒರಟು ಎಲೆಯಿಂದ ಕೆನ್ನೆ ಉಜ್ಜಿಕೊಂಡು ಕೆಂಪು ಬರಿಸಿಕೊಳ್ಳುತ್ತಿದ್ದರಂತೆ. ಈ ಕಥೆ ನಿಜವೋ ಅಲ್ಲವೋ, ಎಲೆಯನ್ನು ಒಮ್ಮೆ ಕೆನ್ನೆಗೆ ಉಜ್ಜಿಕೊಂಡವರು ನಂಬುತ್ತಾರೆ.

ಅಮೆರಿಕಕ್ಕೆ ಮುಲ್ಲೀನ್ ಹೋದದ್ದು ವಲಸಿಗರ ಜೊತೆ. 18ನೇ ಶತಮಾನದ ನಡುಭಾಗದಲ್ಲಿ ವರ್ಜೀನಿಯಾದ ಬೆಟ್ಟಗಳಲ್ಲಿ ಇದನ್ನು ಬೆಳೆಸಿದ್ದು ಮದ್ದಿಗಲ್ಲ, ಮೀನು ಹಿಡಿಯುವುದಕ್ಕೆ. ಬೀಜದಲ್ಲಿ ಸ್ಯಾಪೊನಿನ್ ಇದೆ. ನಮ್ಮ ಅಂಟುವಾಳ, ಸೀಗೆಕಾಯಿ ನೊರೆ ಬರಿಸುವುದೂ ಸ್ಯಾಪೊನಿನ್‌ಗಳಿಂದಲೇ. ಬೀಜ ಜಜ್ಜಿ ನಿಂತ ನೀರಿಗೆ ಹಾಕಿದರೆ ಅದು ಮೀನಿನ ಕಿವಿರಿನ ತೆಳು ಪೊರೆಯನ್ನು ಕೆಡಿಸುತ್ತದೆ, ಮೀನು ಮತ್ತೇರಿದಂತೆ ತೇಲುತ್ತದೆ. ಮನುಷ್ಯನ ಕರುಳು ಸ್ಯಾಪೊನಿನ್ ಹೀರಿಕೊಳ್ಳುವುದು ತೀರ ಕಡಿಮೆಯಾದ್ದರಿಂದ ಆ ಮೀನನ್ನು ತಿಂದವರಿಗೆ ಏನೂ ಆಗದು. ಮಲೆನಾಡಿನಲ್ಲಿ ಕಾರೆಕಾಯಿ ಜಜ್ಜಿ ಹಳ್ಳದ ಗುಂಡಿಗೆ ಹಾಕುತ್ತಿದ್ದುದನ್ನು ಕಂಡವರಿಗೆ ಇದು ಹೊಸದೇನಲ್ಲ. ಬೆಟ್ಟದಿಂದ ಬೆಟ್ಟಕ್ಕೆ, ರಸ್ತೆಯಿಂದ ರಸ್ತೆಗೆ ಹಬ್ಬಿದ ಮುಲ್ಲೀನ್ 1876ರ ಹೊತ್ತಿಗೆ ಖಂಡದ ಇನ್ನೊಂದು ತುದಿಯಾದ ಪೆಸಿಫಿಕ್ ಕರಾವಳಿ ಮುಟ್ಟಿತ್ತು. ಅಮೆರಿಕದ ಮೂಲನಿವಾಸಿಗಳು ಈ ಹೊಸ ಗಿಡವನ್ನು ಬೇಗ ತಮ್ಮದಾಗಿಸಿಕೊಂಡರು. ಮೆನೊಮಿನಿ ಜನ ಎದೆಯ ಕಾಯಿಲೆಗೆ ಇದರ ಬೇರನ್ನು ಸೇದಿದರು, ಇತರರು ಎಲೆಯ ಹೊಗೆ ತೆಗೆದುಕೊಂಡರು. ಈಗಿನ ಪೊಟ್ಟಣಗಳ ಮೇಲೆ ‘ಅಮೆರಿಕದ ಆದಿವಾಸಿಗಳ ಸಾವಿರಾರು ವರ್ಷಗಳ ಜ್ಞಾನ’ ಎಂಬ ಧಾಟಿಯ ಮಾತು ಕಂಡರೆ ನಗು ಬರುವುದು ಇದಕ್ಕೇ. ಗಿಡವೇ ಅಲ್ಲಿಗೆ ಕಾಲಿಟ್ಟು ಮುನ್ನೂರು ವರ್ಷದ ಆಸುಪಾಸು. ಆ ಜನರ ಜಾಣ್ಮೆ ಇದ್ದದ್ದು ಹೊಸದನ್ನು ಪರೀಕ್ಷಿಸಿ ನೋಡುವುದರಲ್ಲಿ. ಪೊಟ್ಟಣ ಮಾರುವವರು ಅದನ್ನು ಬಿಟ್ಟು ಪುರಾತನತ್ವವನ್ನು ಮಾರುತ್ತಾರೆ.

ಎಲೆ, ಹೂವಿನೊಳಗೆ ಏನಿದೆ ಎಂಬುದು ಈಗ ಸಾಕಷ್ಟು ತಿಳಿದಿದೆ. ಹೂವಿನಲ್ಲಿ ಸುಮಾರು 3% ಲೋಳೆ. ಜೊತೆಗೆ ಸ್ಯಾಪೊನಿನ್, ಔಕುಬಿನ್‌ನಂಥ ಇರಿಡಾಯ್ಡ್‌ಗಳು, ಫ್ಲೇವನಾಯ್ಡ್‌ಗಳು, ಮತ್ತೆ ಇದೇ ಕುಲದ ಹೆಸರು ಹೊತ್ತ ವರ್ಬ್ಯಾಸ್ಕೊಸೈಡ್. ಈ ಕೊನೆಯದು ಉರಿಯೂತ ತಗ್ಗಿಸುವ ಗುಣಕ್ಕಾಗಿ ಪ್ರಯೋಗಾಲಯಗಳಲ್ಲಿ ಬಹಳ ಅಧ್ಯಯನಗೊಂಡ ವಸ್ತು. ಇನ್ನೊಂದು ವಸ್ತು ನಮ್ಮ ಅಡುಗೆಮನೆಯ ಹಳೆಯ ಪರಿಚಯ. 1910ರಲ್ಲಿ ಬೂರ್ಕೆಲೊ ಮತ್ತು ಬ್ರಿಡೆಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು ಮುಲ್ಲೀನ್ ಬೇರಿನಿಂದ ಒಂದು ಸಕ್ಕರೆಯನ್ನು ಬೇರ್ಪಡಿಸಿ ಅದಕ್ಕೆ ವರ್ಬ್ಯಾಸ್ಕೋಸ್ ಎಂದು ಹೆಸರಿಟ್ಟರು. ಉದ್ದು, ಹೆಸರುಕಾಳುಗಳಲ್ಲಿ ಹೇರಳವಾಗಿರುವುದು ಇದೇ ಸಕ್ಕರೆ. ಅದನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿಲ್ಲ. ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಗ್ಯಾಸ್ ಬಿಡುತ್ತವೆ. ಕಾಳು ನೆನೆಹಾಕಿ ನೀರು ಚೆಲ್ಲುವುದು, ಮೊಳಕೆ ಬರಿಸುವುದು, ಹಿಟ್ಟು ಹುದುಗಿಸುವುದು ಇದನ್ನು ತಗ್ಗಿಸುತ್ತವೆ. ಹಬ್ಬದ ದಿನ ಉದ್ದಿನ ವಡೆ ತಿಂದು ಹೊಟ್ಟೆ ಉಬ್ಬರಿಸಿದವರಿಗೆ ಮುಲ್ಲೀನ್‌ನ ಒಂದು ಅಂಶ ಆಗಲೇ ಅನುಭವಕ್ಕೆ ಬಂದಿದೆ ಅನ್ನಬಹುದು.

ಕೆಮ್ಮಿಗೆ ಇವುಗಳಲ್ಲಿ ಮುಖ್ಯವಾದದ್ದು ಲೋಳೆ. ಕಷಾಯ ಇಳಿಯುವುದು ಅನ್ನನಾಳದಲ್ಲಿ, ಶ್ವಾಸನಾಳದಲ್ಲಲ್ಲ. ಹಾಗಾಗಿ ಅದರ ಲೋಳೆ ಶ್ವಾಸಕೋಶವನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. ಮುಟ್ಟಿದರೆ ಅದು ಆಸ್ಪತ್ರೆಗೆ ಓಡಬೇಕಾದ ಸಂಗತಿ. ಅದು ಮುಟ್ಟುವುದು ಗಂಟಲಿನ ಹಿಂಬದಿಯನ್ನು. ಒಣಕೆಮ್ಮಿನ ಕೆರಳಿಕೆ ಅನೇಕ ಸಲ ಹುಟ್ಟುವುದೂ ಅಲ್ಲಿನ ನರತುದಿಗಳಲ್ಲೇ. ಅವುಗಳ ಮೇಲೆ ತೆಳ್ಳಗೆ ಒಂದು ಪದರ ಕೂತರೆ ಕೆರೆತ ಕಡಿಮೆ, ಕೆಮ್ಮಬೇಕೆನ್ನುವ ಒತ್ತಡವೂ ಕಡಿಮೆ. ಸ್ಯಾಪೊನಿನ್‌ನದು ಬೇರೆ ದಾರಿ. ಅದು ಹೊಟ್ಟೆಯ ಒಳಪದರವನ್ನು ನವಿರಾಗಿ ಕೆರಳಿಸುತ್ತದೆ, ಆ ಸಂದೇಶ ನರದ ಮೂಲಕ ಹೋಗಿ ಶ್ವಾಸನಾಳದ ಗ್ರಂಥಿಗಳು ತೆಳು ದ್ರವ ಸುರಿಸುವಂತೆ ಮಾಡುತ್ತದೆ, ಅಂಟಿದ ಕಫ ಸಡಿಲವಾಗುತ್ತದೆ ಎಂಬುದು ಔಷಧಶಾಸ್ತ್ರದ ಹಳೆಯ ವಿವರಣೆ. ಎರಡೂ ಒಪ್ಪತಕ್ಕ ಮಾತುಗಳೇ. ಆದರೆ ಒಪ್ಪತಕ್ಕ ವಿವರಣೆ ಇದೆ ಅಂದಮಾತ್ರಕ್ಕೆ ಮದ್ದು ರೋಗಿಯಲ್ಲಿ ಕೆಲಸ ಮಾಡಿತು ಅಂತಲ್ಲ.

ಪ್ರಯೋಗಾಲಯದ ಪುರಾವೆ ಕಡಿಮೆಯೇನಿಲ್ಲ. ಟರ್ಕರ್ ಮತ್ತು ಕ್ಯಾಂಪರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಲ್ಲೀನ್ ಸಾರ ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯಿತು. ನ್ಯುಮೋನಿಯಾ ತರುವ ಕ್ಲೆಬ್ಸಿಯೆಲ್ಲಾವೂ ಅವುಗಳಲ್ಲೊಂದು. ಅದೇ ಅಧ್ಯಯನದಲ್ಲಿ ಪ್ರಮಾಣ ಹೆಚ್ಚಿದಾಗ ಸಾರ ಪುಟ್ಟ ಉಪ್ಪುನೀರಿನ ಸೀಗಡಿಗಳಿಗೂ ಮೂಲಂಗಿ ಬೀಜಕ್ಕೂ ವಿಷವಾಗುವ ಲಕ್ಷಣ ತೋರಿತು. ಮೊದಲ ಭಾಗವನ್ನು ಎತ್ತಿ ಆಡುವವರು ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಪಾಕಿಸ್ತಾನದ ಸಂಶೋಧಕರು 2012ರಲ್ಲಿ ಇದರ ಸಾರಕ್ಕೆ ಕರುಳಿನ ಹುಳುಗಳನ್ನು ನಿಶ್ಚಲಗೊಳಿಸುವ, ಮೊಲದ ಕರುಳಿನ ಸೆಳೆತವನ್ನು ಸಡಿಲಿಸುವ ಗುಣ ಇದೆ ಎಂದು ತೋರಿಸಿದರು. ಡಯಾಸ್ಕೊರಿಡೀಸ್ ಭೇದಿಗೆ ಹೇಳಿದ್ದು, ಕ್ವಿನ್ಲನ್ ರೋಗಿಗಳ ಭೇದಿ ಕಡಿಮೆಯಾದದ್ದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವುದು ಮಾತ್ರ ದೊಡ್ಡ ಸುದ್ದಿಯಲ್ಲ. ಉಪ್ಪು ಕೊಲ್ಲುತ್ತದೆ, ವಿನೆಗರ್ ಕೊಲ್ಲುತ್ತದೆ, ಸೋಪು ಕೊಲ್ಲುತ್ತದೆ. ಒಂದು ಲೋಟ ಕಷಾಯ ಕುಡಿದಾಗ ಆ ವಸ್ತು ಕರುಳು ದಾಟಿ, ಪಿತ್ತಜನಕಾಂಗ ದಾಟಿ, ಶ್ವಾಸಕೋಶಕ್ಕೆ ಸಾಕಷ್ಟು ಪ್ರಮಾಣದಲ್ಲಿ ತಲುಪುತ್ತದೆಯೇ ಎಂಬುದು ನಿಜವಾದ ಪ್ರಶ್ನೆ. ತಟ್ಟೆ ಅದಕ್ಕೆ ಉತ್ತರ ಕೊಡದು.

ಮನುಷ್ಯರ ಮೇಲೆ ನಡೆದ ಪ್ರಯೋಗಗಳಲ್ಲಿ ಹೆಚ್ಚು ಪ್ರಸಿದ್ಧವಾದವು ಇಸ್ರೇಲಿನ ಎರಡು, ಎರಡೂ ಮಕ್ಕಳ ಕಿವಿನೋವಿನ ಮೇಲೆ. 2001ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ 6ರಿಂದ 18 ವರ್ಷದ 103 ಮಕ್ಕಳಿದ್ದರು. ಕೆಲವರಿಗೆ ಸ್ಪರ್ಶ ಮರಗಟ್ಟಿಸುವ ಸಾಮಾನ್ಯ ಕಿವಿಹನಿ, ಉಳಿದವರಿಗೆ ಬೆಳ್ಳುಳ್ಳಿ, ಮುಲ್ಲೀನ್, ಕ್ಯಾಲೆಂಡುಲ, ಸೇಂಟ್ ಜಾನ್ಸ್ ವರ್ಟ್ ಗಿಡಗಳ ಸಾರವಿದ್ದ ಆಲಿವ್ ಎಣ್ಣೆ. ನೋವು ಇಳಿಸುವುದರಲ್ಲಿ ಎರಡೂ ಸಮ. 2003ರ ಎರಡನೆಯದರಲ್ಲಿ 171 ಮಕ್ಕಳು. ಕೆಲವರಿಗೆ ಆಂಟಿಬಯಾಟಿಕ್ ಕೂಡ ಕೊಟ್ಟರು. ಎಲ್ಲ ಗುಂಪಿನ ಮಕ್ಕಳಿಗೂ ನೋವು ಇಳಿಯಿತು, ಗಿಡಮೂಲಿಕೆ ಎಣ್ಣೆಯವರಿಗೆ ತುಸು ಹೆಚ್ಚು ಚೆನ್ನಾಗಿ. ಇಷ್ಟನ್ನು ಓದಿ ಚಪ್ಪಾಳೆ ತಟ್ಟುವ ಮುನ್ನ ಆ ಸಂಶೋಧಕರೇ ಬರೆದ ಇನ್ನೊಂದು ಮಾತನ್ನು ನೋಡಬೇಕು. ನೋವು ಇಳಿದದ್ದರಲ್ಲಿ 80% ಪಾಲು ಸುಮ್ಮನೆ ಸಮಯ ಕಳೆದದ್ದರಿಂದ. ಎರಡು ಮೂರು ದಿನದಲ್ಲಿ ಅದು ತಾನಾಗಿ ಇಳಿಯುತ್ತಿತ್ತು. ಹುಸಿಮದ್ದು ಕೊಟ್ಟ ಗುಂಪು ಎರಡು ಪ್ರಯೋಗದಲ್ಲೂ ಇರಲಿಲ್ಲ. ಎಣ್ಣೆಯಲ್ಲಿ ಅಷ್ಟೊಂದು ಗಿಡ ಇದ್ದಾಗ ಕೆಲಸ ಮಾಡಿದ್ದು ಮುಲ್ಲೀನೋ, ಬೆಳ್ಳುಳ್ಳಿಯೋ, ಬರೀ ಎಣ್ಣೆಯೋ? ನಮ್ಮ ಮನೆಗಳಲ್ಲಿ ಬೆಳ್ಳುಳ್ಳಿ ಎಸಳು ಹಾಕಿ ಕಾಯಿಸಿದ ಎಣ್ಣೆಯನ್ನು ಉಗುರುಬೆಚ್ಚಗೆ ಕಿವಿಗೆ ಬಿಡುತ್ತಿದ್ದ ಅಜ್ಜಿಯರೂ ಇದೇ ಪ್ರಯೋಗವನ್ನು ಮುಲ್ಲೀನ್ ಇಲ್ಲದೆ ಮಾಡಿದವರು.

ಗಾಯ ಮಾಯುವುದರ ಬಗ್ಗೆ ಇರಾನಿನಿಂದ 2021ರಲ್ಲಿ ಬಂದ ಪ್ರಯೋಗವೊಂದಿದೆ. ಚೊಚ್ಚಲ ಹೆರಿಗೆಯಲ್ಲಿ ಕತ್ತರಿ ಹಾಕಿದ ಗಾಯಕ್ಕೆ ಮುಲ್ಲೀನ್ ಮುಲಾಮು ಹಚ್ಚಿದ ತಾಯಂದಿರ ಗಾಯ ಬೇಗ ಮಾಯ್ದಿತು. ಹಚ್ಚುವ ಮುಲಾಮಿನ ಈ ಫಲಿತಾಂಶವನ್ನು ಕುಡಿಯುವ ಚಹಾದ ಜಾಹೀರಾತಿಗೆ ಬಳಸುವುದು ಸರಿಯಲ್ಲ. ಬಳಸುತ್ತಿದ್ದಾರೆ ಎಂಬುದು ಬೇರೆ ಮಾತು. ಮುಲ್ಲೀನ್ ಒಂದನ್ನೇ ಕೆಮ್ಮಿನವರಿಗೆ ಕೊಟ್ಟು, ಚೀಟಿ ಎತ್ತಿ ಗುಂಪು ಮಾಡಿ, ಹುಸಿಮದ್ದಿನ ಜೊತೆ ಹೋಲಿಸಿದ ದೊಡ್ಡ ಪ್ರಯೋಗ ನಡೆದಿಲ್ಲ. ರಸ್ತೆಬದಿಯ ಕಳೆಗೆ ಪೇಟೆಂಟ್ ಸಿಗುವುದಿಲ್ಲವಾದ್ದರಿಂದ ಅದಕ್ಕೆ ಕೋಟಿಗಟ್ಟಲೆ ಸುರಿಯುವ ಕಂಪನಿಯೂ ಇಲ್ಲ.

ಯುರೋಪಿನ ಔಷಧ ಸಂಸ್ಥೆ ಈ ಸ್ಥಿತಿಯನ್ನು ಪ್ರಾಮಾಣಿಕವಾಗಿ ನಿಭಾಯಿಸಿದೆ ಎಂದು ನನಗನ್ನಿಸುತ್ತದೆ. ಅಲ್ಲಿನ ಕಾನೂನಿನಲ್ಲಿ ‘ಸಾಂಪ್ರದಾಯಿಕ ಬಳಕೆ’ ಎಂಬ ವರ್ಗವೇ ಇದೆ. ಕನಿಷ್ಠ 30 ವರ್ಷ ಬಳಕೆಯಲ್ಲಿರಬೇಕು, ಅದರಲ್ಲಿ 15 ವರ್ಷ ಯುರೋಪ್ ಒಕ್ಕೂಟದೊಳಗೆ, ಬಳಸಿದವರಿಗೆ ಅಪಾಯ ಕಂಡಿರಬಾರದು, ಪರಿಣಾಮ ನಂಬಬಹುದಾದದ್ದಾಗಿರಬೇಕು. ಇಷ್ಟಿದ್ದರೆ ವೈದ್ಯಕೀಯ ಪ್ರಯೋಗವಿಲ್ಲದೆಯೂ ಮಾರಬಹುದು, ಆದರೆ ಆಧಾರ ದೀರ್ಘಕಾಲದ ಬಳಕೆ ಮಾತ್ರ ಎಂದು ಪೊಟ್ಟಣದ ಮೇಲೆ ಬರೆಯಬೇಕು. ಮುಲ್ಲೀನ್ ಈ ವರ್ಗದಲ್ಲಿದೆ. ಒಣಕೆಮ್ಮು, ನೆಗಡಿಯ ಜೊತೆ ಬರುವ ಗಂಟಲುನೋವಿನ ಉಪಶಮನಕ್ಕೆ, ಅಷ್ಟಕ್ಕೇ. ಅಸ್ತಮಾ ಇಲ್ಲ, ಕ್ಷಯ ಇಲ್ಲ, ಶ್ವಾಸಕೋಶ ಶುದ್ಧಿ ಇಲ್ಲ. ಇನ್ನೊಂದು ಮಾತು: ಅವರು ಒಪ್ಪಿರುವುದು ಹೂವನ್ನು. ಆನ್‌ಲೈನ್‌ನಲ್ಲಿ ನಮಗೆ ಬರುವುದು ಬಹುತೇಕ ಎಲೆ. ಹೂ ಕೀಳಲು ಕೂಲಿ ಹೆಚ್ಚು, ಎಲೆ ಕತ್ತರಿಸಲು ಕುಡುಗೋಲು ಸಾಕು.

ಕ್ವಿನ್ಲನ್ ಅವರ ತಕ್ಕಡಿ ಎಡವಿದ್ದು ಎಲ್ಲಿ ಎಂಬುದೂ ಈಗ ಕಾಣುತ್ತದೆ. ರೋಗಿಗಳಿಗೆ ಸಿಕ್ಕಿದ್ದು ಎಲೆಯೊಂದೇ ಅಲ್ಲ, ದಿನವೂ ಬಿಸಿ ಹಾಲು, ಹಾಸಿಗೆ, ಆರೈಕೆ. ಬಡತನದಲ್ಲಿ ಸೊರಗಿದ ದೇಹದ ತೂಕ ಹಾಲಿನಿಂದಲೇ ಏರಬಹುದಿತ್ತು. ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟು ಆಗಿನ್ನೂ ಒಂದು ವರ್ಷವಾಗಿರಲಿಲ್ಲವೋ ಆಗಿತ್ತೋ ಎಂಬ ಕಾಲ ಅದು. ಎಲೆ ಆ ಬ್ಯಾಕ್ಟೀರಿಯಾವನ್ನು ಏನು ಮಾಡಿತು ಎಂದು ನೋಡುವ ದಾರಿ ಅವರಿಗಿರಲಿಲ್ಲ. ವಿಚಿತ್ರವೆಂದರೆ, ಮದ್ದನ್ನು ಸರಿಯಾಗಿ ತೂಗುವುದು ಹೇಗೆ ಎಂದು ವೈದ್ಯಲೋಕ ಕಲಿತದ್ದೂ ಕ್ಷಯದ ಮೇಲೆಯೇ. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸ್ಟ್ರೆಪ್ಟೊಮೈಸಿನ್ ಪ್ರಯೋಗದ ಫಲಿತಾಂಶ ಪ್ರಕಟಿಸಿತು. 107 ರೋಗಿಗಳಲ್ಲಿ ಯಾರಿಗೆ ಔಷಧಿ, ಯಾರಿಗೆ ಬರೀ ವಿಶ್ರಾಂತಿ ಎಂಬುದನ್ನು ಮುಚ್ಚಿದ ಲಕೋಟೆಗಳು ನಿರ್ಧರಿಸಿದ್ದವು. ಆರು ತಿಂಗಳಲ್ಲಿ ಔಷಧಿ ಪಡೆದ 55 ಮಂದಿಯಲ್ಲಿ 4 ಜನ ಸತ್ತರು, ವಿಶ್ರಾಂತಿಯ 52 ಮಂದಿಯಲ್ಲಿ 14. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಇನ್ನೊಂದು ಅಂಕಿ. ಯಾವ ಔಷಧಿಯೂ ಇಲ್ಲದೆ ಮಲಗಿದ್ದ ಆ 52 ಮಂದಿಯಲ್ಲೂ 4 ಜನರ ಎಕ್ಸ್‌ರೇ ಗಮನಾರ್ಹವಾಗಿ ಸುಧಾರಿಸಿತ್ತು. ಅವರಿಗೆ ಮುಲ್ಲೀನ್ ಹಾಲು ಕುಡಿಸಿದ್ದಿದ್ದರೆ ಆ ನಾಲ್ವರೂ ಅದರ ಸಾಕ್ಷಿಗಳಾಗುತ್ತಿದ್ದರು.

ಮಾಮೂಲಿ ಕೆಮ್ಮಿನಲ್ಲಿ ಈ ಮೋಸ ಇನ್ನೂ ಸುಲಭ. ನೆಗಡಿಯ ಕೆಮ್ಮು ಒಂದು ವಾರದಲ್ಲಿ ಹೋಗಬೇಕು ಎಂದು ಜನ ಅಂದುಕೊಂಡಿರುತ್ತಾರೆ. 2013ರಲ್ಲಿ ಪ್ರಕಟವಾದ ಅಮೆರಿಕದ ವಿಮರ್ಶೆಯೊಂದು ಹಲವು ಅಧ್ಯಯನಗಳನ್ನು ಒಟ್ಟುಹಾಕಿ, ಅದು ಸರಾಸರಿ 18 ದಿನದಷ್ಟು ಇರುತ್ತದೆ ಎಂದಿತು. ಎಂಟನೇ ದಿನ ಸಿರಪ್ ಬದಲಿಸಿ, ಹನ್ನೆರಡನೇ ದಿನ ಮುಲ್ಲೀನ್ ತರಿಸಿ, ಹದಿನೇಳಕ್ಕೆ ಗುಣವಾದರೆ ಕೀರ್ತಿ ಹೋಗುವುದು ಕೊನೆಗೆ ಕುಡಿದದ್ದಕ್ಕೇ. ಸಿಗರೇಟು ಬಿಟ್ಟವರ ಕಥೆಯೂ ಇದೇ. ಶ್ವಾಸನಾಳದ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ಗುಡಿಸುವ ಸಣ್ಣ ರೋಮಗಳಿವೆ. ಹೊಗೆ ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಸೇದುವುದು ನಿಂತ ಮೇಲೆ ವಾರಗಳು, ತಿಂಗಳುಗಳಲ್ಲಿ ಅವು ಚೇತರಿಸಿಕೊಳ್ಳುತ್ತವೆ. ಆಗ ಕೆಲವರಿಗೆ ಕೆಮ್ಮು ಹೆಚ್ಚಿ ಕಫ ಬರುತ್ತದೆ. ಅದೇ ಹೊತ್ತಿಗೆ ಮುಲ್ಲೀನ್ ಚಹಾ ಕುಡಿಯುತ್ತಿದ್ದವರು ಕಫವನ್ನು ಕಂಡು, ಚಹಾ ಎದೆ ತೊಳೆಯಿತು ಎಂದು ರೀಲ್ ಮಾಡುತ್ತಾರೆ. ತೊಳೆದದ್ದು ಅವರ ಸ್ವಂತ ದೇಹ, ಮತ್ತೆ ಸಿಗರೇಟು ಬಿಟ್ಟ ಅವರ ಹಟ. ಒಣ ಮುಲ್ಲೀನ್ ಎಲೆಯನ್ನು ಸೇದಿ ಶ್ವಾಸಕೋಶ ಗುಣಮಾಡಿಕೊಳ್ಳಿ ಎನ್ನುವವರೂ ಇದ್ದಾರೆ. ಯಾವ ಎಲೆ ಸುಟ್ಟರೂ ಬರುವುದು ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್. ನಿಕೋಟಿನ್ ಇಲ್ಲ ಎಂಬುದೊಂದೇ ಸಮಾಧಾನ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿ ಇದೆಯಲ್ಲ, ಈ ವಿಷಯದಲ್ಲಿ ಅದು ಚುಚ್ಚುವಂತೆ ಹೊಂದುತ್ತದೆ. ಕೆಮ್ಮಿಗೆ ನಾವು ತಲೆಮಾರುಗಳಿಂದ ಬಳಸಿದ ಆಡುಸೋಗೆ ಬೇಲಿಯಲ್ಲೇ ಬೆಳೆಯುತ್ತದೆ. ಅದರ ಎಲೆಯ ವ್ಯಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿಟ್ಟುಕೊಂಡು ಜರ್ಮನಿಯಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಕಫ ತೆಳುಗೊಳಿಸುವ ಔಷಧಿ ರೂಪಿಸಿದರು. 1960ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಅದು ದೇಹದಲ್ಲಿ ಮಾರ್ಪಟ್ಟು ಆಗುವ ಆಂಬ್ರಾಕ್ಸಾಲ್ ಇನ್ನೊಂದು ಔಷಧಿಯಾಯಿತು. ಮನೆಯ ಕೆಮ್ಮಿನ ಸಿರಪ್ ಬಾಟಲಿ ತಿರುಗಿಸಿ ಓದಿದರೆ ಈ ಎರಡರಲ್ಲಿ ಒಂದು ಸಿಗುವ ಸಾಧ್ಯತೆ ಬಹಳ. ಔಷಧಿಯಾದ ಮೇಲೆ ಅದರ ಕೆಡುಕನ್ನೂ ಲೆಕ್ಕ ಇಡತೊಡಗಿದರು. 2015ರಲ್ಲಿ ಯುರೋಪಿನ ಸಂಸ್ಥೆ ಇವೆರಡರಿಂದ ಅಪರೂಪಕ್ಕೆ ತೀವ್ರ ಅಲರ್ಜಿ, ಚರ್ಮದ ಪ್ರತಿಕ್ರಿಯೆ ಆಗಬಹುದು ಎಂಬ ಎಚ್ಚರಿಕೆಯನ್ನು ಸೇರಿಸಿತು. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವಂತೆ ಮಾಡುವುದರಿಂದ ಗರ್ಭಿಣಿಯರಿಗೆ ಆಡುಸೋಗೆ ಕಷಾಯ ಸಲ್ಲದು. ಮುಲ್ಲೀನ್‌ನ ಕೆಡುಕುಗಳ ಪಟ್ಟಿ ಚಿಕ್ಕದಾಗಿ ಕಾಣುವುದಕ್ಕೆ ಅದು ಸೌಮ್ಯವಾದ ಗಿಡ ಎಂಬುದು ಒಂದು ಕಾರಣ. ಯಾರೂ ಸರಿಯಾಗಿ ಎಣಿಸಿಲ್ಲ ಎಂಬುದು ಇನ್ನೊಂದು.

ಪ್ರಯೋಗಕ್ಕೆ ಇಳಿದ ಎಲ್ಲ ಗಿಡವೂ ಗೆಲ್ಲುವುದಿಲ್ಲ. ಆಡುಮುಟ್ಟದ ಬಳ್ಳಿಯ ಎಲೆ ಅಗಿದರೆ ಉಬ್ಬಸ ಇಳಿಯುತ್ತದೆ ಎಂಬ ನಂಬಿಕೆಯನ್ನು ದೆಹಲಿಯ ವೈದ್ಯರು 1960ರ ದಶಕದ ಕೊನೆಯಲ್ಲಿ ಹುಸಿಮದ್ದಿನ ಜೊತೆ ಹೋಲಿಸಿ ನೋಡಿದಾಗ ಫಲಿತಾಂಶ ಚೆನ್ನಾಗಿಯೇ ಬಂತು. 1979ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಮದ್ದಿಗೂ ಹುಸಿಮದ್ದಿಗೂ ವ್ಯತ್ಯಾಸ ಕಾಣಲಿಲ್ಲ. ಮುಲ್ಲೀನ್ ಇನ್ನೂ ಈ ಪರೀಕ್ಷೆಗೆ ಕೂತೇ ಇಲ್ಲ.

ಇಷ್ಟಾಗಿಯೂ ಕುಡಿಯಬೇಕೆನಿಸಿದರೆ ತೊಂದರೆಯೇನಿಲ್ಲ, ಕೆಲವು ಎಚ್ಚರ ಬೇಕು. ಕಷಾಯವನ್ನು ಚಹಾ ಜರಡಿಯಲ್ಲಿ ಸೋಸಿದರೆ ಸಾಲದು. ಕವಲೊಡೆದ ಆ ಸಣ್ಣ ರೋಮಗಳು ಜರಡಿಯಲ್ಲಿ ನುಸುಳಿ ಗಂಟಲನ್ನು ಮತ್ತೆ ಕೆರೆಯುತ್ತವೆ. ತೆಳು ಬಟ್ಟೆಯನ್ನು ಎರಡು ಮೂರು ಮಡಿಕೆ ಮಾಡಿ ಸೋಸಬೇಕು. ಹಿಮಾಲಯಕ್ಕೆ ಹೋದಾಗ ಗಿಡ ಗುರುತಿಸಿ ಕಿತ್ತು ತರುತ್ತೇನೆ ಎನ್ನುವ ಉತ್ಸಾಹ ಬೇಡ. ಹೂ ಬಿಡುವ ಮುನ್ನ ಡಿಜಿಟಾಲಿಸ್ ಗಿಡದ ಎಲೆಗಳ ಗುಂಪು ಮುಲ್ಲೀನನ್ನೇ ಹೋಲುತ್ತದೆ. ಅದರ ಎಲೆಯಲ್ಲಿರುವುದು ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷ. ಜೊತೆಗೆ ಮುಲ್ಲೀನ್ ಇಷ್ಟಪಡುವುದು ರಸ್ತೆಯಂಚು, ಅಗೆದ ಮಣ್ಣು, ಗಣಿಯ ತ್ಯಾಜ್ಯದ ದಿಬ್ಬಗಳನ್ನು. ಎಲೆ ಎಲ್ಲಿ ಬೆಳೆದದ್ದು ಎಂದು ಬರೆಯದ ಪೊಟ್ಟಣವನ್ನು ನಾನಂತೂ ಕೊಳ್ಳುವುದಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಯುರೋಪಿನ ಸಂಸ್ಥೆ ಇದನ್ನು ಶಿಫಾರಸು ಮಾಡಿಲ್ಲ. ಮಕ್ಕಳ ಕೆಮ್ಮಿಗೆ ಜೇನುತುಪ್ಪ ಇದಕ್ಕಿಂತ ಮೇಲು. ಅಮೆರಿಕದಲ್ಲಿ 2007ರಲ್ಲಿ 105 ಮಕ್ಕಳ ಮೇಲೆ ಚೀಟಿ ಎತ್ತಿ ನಡೆಸಿದ ಪ್ರಯೋಗದ ಬೆಂಬಲ ಅದಕ್ಕಿದೆ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ಕೊಡಬಾರದು. ಕಿವಿ ಸೋರುತ್ತಿದ್ದರೆ, ತಮಟೆ ತೂತಾಗಿರುವ ಅನುಮಾನವಿದ್ದರೆ, ಮುಲ್ಲೀನ್ ಎಣ್ಣೆಯಾಗಲಿ ಬೆಳ್ಳುಳ್ಳಿ ಎಣ್ಣೆಯಾಗಲಿ ಕಿವಿಗೆ ಬಿಡಬಾರದು. ಚಹಾ ಶುರುಮಾಡಿದೆ ಎಂದು ಅಸ್ತಮಾದವರು ಇನ್‌ಹೇಲರ್ ಬಿಡಬಾರದು. ಕೆಮ್ಮು ಎರಡು ವಾರ ದಾಟಿದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಅಲ್ಲಿ ಪರೀಕ್ಷೆಯೂ ಉಚಿತ, ಕ್ಷಯ ಎಂದು ಗೊತ್ತಾದರೆ ಚಿಕಿತ್ಸೆಯೂ ಉಚಿತ.